ಕೃಷಿ ಹೊಂಡದಲ್ಲಿ ಮೀನು ಸಾಕಣೆ: ಆಳ ಹೆಚ್ಚಿಸುವುದರ ಲಾಭ ಮತ್ತು ಮಿತಿಗಳು

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗಗಳಲ್ಲಿ ಕೃಷಿ ಹೊಂಡ ಹೊಂದಿರುವ ರೈತರು ಅದರಲ್ಲಿಯೇ ಮೀನು ಸಾಕಲು ಮುಂದಾದಾಗ ಮೊದಲು ಕೇಳುವ ಪ್ರಶ್ನೆ ಆಳದ ಕುರಿತಾಗಿರುತ್ತದೆ. ಸಾಗುವಳಿ ಭೂಮಿ ಹೆಚ್ಚು ಹೋಗಬಾರದು, ಆದ್ದರಿಂದ ಅಗಲ ಕಡಿಮೆ ಮಾಡಿ ಆಳ ತೋಡಿಸಬಹುದೇ ಎಂಬುದು ಆ ಪ್ರಶ್ನೆ. ನೀರು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಆಳ ನಿರ್ಧರಿಸುತ್ತದೆ. ಎಷ್ಟು ಮೀನು ಬದುಕುತ್ತವೆ ಎಂಬುದನ್ನು ನೀರಿನ ಮೇಲ್ಮೈ ನಿರ್ಧರಿಸುತ್ತದೆ. ಇವೆರಡನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು.

ಮನೆಯ ಗಾಜಿನ ಅಕ್ವೇರಿಯಂನಲ್ಲಿಯೂ ಇದೇ ನಿಯಮವಿದೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿ 54 ಲೀಟರ್ ಹಿಡಿಯುತ್ತದೆ. ಅದನ್ನೇ ನೆಟ್ಟಗೆ ನಿಲ್ಲಿಸಿದಂತೆ 60 ಸೆಂ.ಮೀ. ಎತ್ತರಕ್ಕೆ ಕಟ್ಟಿದರೂ ನೀರು ಅಷ್ಟೇ. ಆದರೆ ಗಾಳಿ ತಾಗುವ ಮೇಲ್ಮೈ ಅರ್ಧಕ್ಕೆ ಇಳಿಯುತ್ತದೆ, ತಳದ ಒತ್ತಡ ಇಮ್ಮಡಿಯಾಗುತ್ತದೆ.

ಆಳದಿಂದ ದೊರೆಯುವ ಲಾಭ

ಬೇಸಿಗೆಯಲ್ಲಿ ದಿನಕ್ಕೆ 8 ಮಿ.ಮೀ. ನೀರು ಆವಿಯಾಗುತ್ತದೆ ಎಂದು ಇಟ್ಟುಕೊಳ್ಳೋಣ. ನೂರು ದಿನಗಳಲ್ಲಿ ಯಾವುದೇ ಹೊಂಡದ ಮಟ್ಟ 80 ಸೆಂ.ಮೀ. ಕುಸಿಯುತ್ತದೆ. ಒಂದೂವರೆ ಮೀಟರ್ ಆಳದ ಹೊಂಡದಲ್ಲಿ ಆಗ ಉಳಿಯುವುದು 70 ಸೆಂ.ಮೀ. ಮಾತ್ರ, ಬಿಸಿಲಿಗೆ ಆ ನೀರು ತಳದವರೆಗೂ ಕಾಯುತ್ತದೆ. ಮೂರು ಮೀಟರ್ ಹೊಂಡದಲ್ಲಿ ಇನ್ನೂ 2.2 ಮೀಟರ್ ಇರುತ್ತದೆ, ಮೀನಿಗೆ ತಂಪಾದ ಪದರ ಸಿಗುತ್ತದೆ. ತೊಗರಿಗೆ ಕಾಯಿ ಕಟ್ಟುವ ಹಂತದಲ್ಲಿ ಒಂದು ರಕ್ಷಣಾತ್ಮಕ ನೀರಾವರಿ ಕೊಡಬೇಕಾದ ರೈತರಿಗೆ ಈ ಅಂತರ ಬಹಳ ಮುಖ್ಯ.

ಇಷ್ಟಾದರೂ ಆಳದ ನೀರು ಕಣ್ಣಿಗೆ ತೋರುವಷ್ಟು ಇರುವುದಿಲ್ಲ. ಎರೆ ಭೂಮಿ ಕುಸಿಯುವ ಗುಣದ್ದಾದ ಕಾರಣ ಬದಿಗಳಿಗೆ ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಇಳಿಜಾರು ಬಿಡಬೇಕಾಗುತ್ತದೆ. ಹೀಗೆ ತೋಡಿದ 12 × 12 ಮೀಟರ್ ಹೊಂಡ ಮೂರು ಮೀಟರ್ ಆಳ ತಲುಪುವಾಗ ತಳ 3 × 3 ಮೀಟರಿಗೆ ಕಿರಿದಾಗಿರುತ್ತದೆ. ಒಟ್ಟು 189 ಘನ ಮೀಟರ್ ನೀರಿನಲ್ಲಿ ಕೆಳಗಿನ ಅರ್ಧ ಆಳದ ಪಾಲು ಸುಮಾರು 44 ಘನ ಮೀಟರ್ ಮಾತ್ರ. ಮೂರು ಮೀಟರಿಗಿಂತ ಕೆಳಕ್ಕೆ ಹೋಗುವುದು, ನನ್ನ ಅಭಿಪ್ರಾಯದಲ್ಲಿ, ಯಂತ್ರದ ಬಾಡಿಗೆಗೆ ತಕ್ಕ ಕೆಲಸವಲ್ಲ.

ಆಮ್ಲಜನಕದ ಸಮಸ್ಯೆ

ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ನೀರು ಲೀಟರಿಗೆ ಏಳೂವರೆ ಮಿ.ಗ್ರಾಂ ಆಸುಪಾಸು ಆಮ್ಲಜನಕವನ್ನು ಹಿಡಿದಿಡುತ್ತದೆ. ಗೆಂಡೆ ಮೀನುಗಳಿಗೆ 5 ಮಿ.ಗ್ರಾಂ ಇದ್ದರೆ ಒಳಿತು. ಆಳದ ಹೊಂಡದಲ್ಲಿ ಮೇಲಿನ ಬಿಸಿ ನೀರು ಮತ್ತು ಕೆಳಗಿನ ತಂಪು ನೀರು ಸುಲಭವಾಗಿ ಬೆರೆಯುವುದಿಲ್ಲ. ತಳದಲ್ಲಿ ಸಗಣಿ, ಎಲೆ, ಉಳಿದ ಆಹಾರ ಕೊಳೆತು ಅಲ್ಲಿನ ಆಮ್ಲಜನಕ ಮುಗಿಯುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಮೇಲ್ಪದರ ತಟ್ಟನೆ ತಣ್ಣಗಾದಾಗ ಈ ಕೆಟ್ಟ ನೀರು ಮೇಲಕ್ಕೆ ಬರುತ್ತದೆ, ಒಂದೇ ರಾತ್ರಿಯಲ್ಲಿ ಮೀನು ಸಾಯಬಹುದು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅಂದು ಆಹಾರ ನಿಲ್ಲಿಸಿ, ಪಂಪ್‌ನಿಂದ ನೀರನ್ನು ಎತ್ತಿ ಹೊಂಡಕ್ಕೇ ಚಿಮ್ಮಿಸಬೇಕು.

ಆದ್ದರಿಂದ ಮರಿಗಳನ್ನು ನೀರಿನ ಗಾತ್ರದ ಮೇಲೆ ಲೆಕ್ಕ ಹಾಕಬಾರದು. ಚದರ ಮೀಟರ್ ಮೇಲ್ಮೈಗೆ ಒಂದು ಮರಿ ಮೀರಬಾರದು. 144 ಚದರ ಮೀಟರ್ ಹೊಂಡಕ್ಕೆ ನೂರು ಮರಿ ಸಾಕು. ಕಟ್ಲಾ ಮೇಲ್ಪದರದಲ್ಲಿ, ರೋಹು ಮಧ್ಯದಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಆಳ ಹೆಚ್ಚಾದಷ್ಟೂ ತಳದ ಮೀನುಗಳ ಪಾಲನ್ನು ತಗ್ಗಿಸಬೇಕು.

ಸ್ಥಳಕ್ಕೆ ತಕ್ಕ ನಿರ್ಧಾರ

ಯಾದಗಿರಿ ತಾಲ್ಲೂಕಿನ ಕೆಂಪು ಮಣ್ಣಿನಲ್ಲಿ ಕೆಳಗೆ ಬಂಡೆ ಸಿಗುವ ಕಡೆ ಆಳದ ಮಾತು ಅಲ್ಲಿಗೇ ನಿಲ್ಲುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿರುವ ಶಹಾಪುರ, ಸುರಪುರದ ಜಮೀನುಗಳಲ್ಲಿ ತೊಂದರೆ ಬೇರೆ. ಭತ್ತದ ಗದ್ದೆಗಳ ನಡುವೆ ಅಂತರ್ಜಲ ಮೇಲಿರುವಾಗ ಆಳದ ಹೊಂಡವನ್ನು ಪೂರ್ತಿ ಬರಿದು ಮಾಡಿದರೆ ಹೊರಗಿನ ನೀರು ಪಾಲಿಥೀನ್ ಹೊದಿಕೆಯನ್ನು ಕೆಳಗಿನಿಂದ ಎತ್ತಿ ಹರಿಯಬಲ್ಲದು. ಮೀನು ಹಿಡಿಯಲು ಮಟ್ಟ ಇಳಿಸುವಾಗಲೂ ಅರ್ಧ ಮೀಟರ್ ಉಳಿಸಿಕೊಳ್ಳಬೇಕು.

ಹೊದಿಕೆ ಹಾಸಿದ ಬದಿ ಪಾಚಿ ಕಟ್ಟಿ ಜಾರುತ್ತದೆ. ಬಿದ್ದವರು ಈಜು ಬಲ್ಲವರಾದರೂ ಮೇಲೆ ಹತ್ತಲಾರರು. ಸುತ್ತ ತಂತಿ ಬೇಲಿ, ನಾಲ್ಕೂ ಬದಿಗೆ ತಳದವರೆಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ ಮತ್ತು ಗಾಳಿ ತುಂಬಿದ ಒಂದು ಹಳೆಯ ಟ್ಯೂಬ್ ಇಲ್ಲದೆ ಹೊಂಡಕ್ಕೆ ನೀರು ತುಂಬಿಸಬಾರದು.