ಕಾರಹುಣ್ಣಿಮೆಯ ಲೆಕ್ಕ, ಮಿಲಿಮೀಟರಿನ ಲೆಕ್ಕ

ನಮ್ಮ ಗುಂಜಹಳ್ಳಿಯ ಕಡೆ ಬಸುರಿಯ ದಿನಗಳನ್ನು ತಾರೀಖಿನಿಂದ ಯಾರೂ ಎಣಿಸುತ್ತಿರಲಿಲ್ಲ, ಹಬ್ಬದಿಂದ ಎಣಿಸುತ್ತಿದ್ದರು. ‘ಕಾರಹುಣ್ಣಿಮಿಗೆ ಹೊರಗ ಕುಂತಿದ್ದೆ, ಮುಂದ ಕುಂತಿಲ್ಲ ಅತ್ತಿ’ ಎಂದು ಸೊಸೆ ಹೇಳಿದರೆ ಸಾಕು, ಅತ್ತೆ ಬೆರಳು ಮಡಚಿ ‘ಹಂಗಾದ್ರ ಯುಗಾದಿಗೆ ತೊಟ್ಟಿಲು’ ಎನ್ನುತ್ತಿದ್ದಳು. ನಾನೊಮ್ಮೆ ಕುತೂಹಲಕ್ಕೆ ಪಂಚಾಂಗ ಹಿಡಿದು ಎಣಿಸಿ ನೋಡಿದೆ. ಆ ಹುಣ್ಣಿಮೆಯಿಂದ ಯುಗಾದಿಗೆ ಒಂಬತ್ತೂವರೆ ಚಾಂದ್ರಮಾಸ, ಅಂದರೆ 280 ದಿನ. ಕೊನೆಯ ಮುಟ್ಟಿನಿಂದ ಡಾಕ್ಟರರು ಎಣಿಸುವುದೂ 280 ದಿನವನ್ನೇ! ನಡುವೆ ಅಧಿಕ ಮಾಸ ಬಿದ್ದ ವರ್ಷ ಮಾತ್ರ ತೊಟ್ಟಿಲನ್ನು ಒಂದು ತಿಂಗಳು ಮುಂಚೆಯೇ ಕಟ್ಟಬೇಕು.

ಲೆಕ್ಕ ತಪ್ಪುತ್ತಿದ್ದದ್ದು ಬೇರೆ ಕಡೆ. ಎಳೆಗೂಸಿಗೆ ಹಾಲೂಡುತ್ತಿರುವಾಗಲೇ, ಮುಟ್ಟು ತಿರುಗಿ ಬರುವ ಮೊದಲೇ ಮತ್ತೆ ಬಸುರಾದವಳು ಯಾವ ಹುಣ್ಣಿಮೆಯನ್ನು ಹೇಳಿಯಾಳು? ಅಂಥವಳ ಹೊಟ್ಟೆಯ ಮೇಲೆ ಸೂಲಗಿತ್ತಿ ಕೈಯಿಟ್ಟು ನೋಡುತ್ತಿದ್ದಳು, ಹೊಕ್ಕಳಿಂದ ಎಷ್ಟು ಬೆರಳು ಮೇಲೆ, ಎಷ್ಟು ಕೆಳಗೆ ಎಂದು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೆ ನಮ್ಮೂರಿನ ಅಂಥ ಕೈಗಳೆಲ್ಲ ನೆನಪಾದವು. ಆದರೆ ಎಷ್ಟೇ ಪಳಗಿದ ಕೈಯಾದರೂ ಅದು ಮುಟ್ಟುವುದು ಹೊಟ್ಟೆಯ ಹೊರಗನ್ನು.

ಒಳಗನ್ನು ಅಳೆಯುವ ವಿದ್ಯೆ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನಲ್ಲಿ. ಅಲ್ಲಿನ ಹೆರಿಗೆ ವೈದ್ಯ ಇಯಾನ್ ಡೊನಾಲ್ಡ್ ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದವರು, ರೇಡಾರ್ ಬಲ್ಲವರು. ಬಾಯ್ಲರ್ ಮಾಡುವ ಕಾರ್ಖಾನೆಯಲ್ಲಿ ಲೋಹದೊಳಗಿನ ಬಿರುಕನ್ನು ಶಬ್ದದ ಅಲೆಗಳಿಂದ ಹುಡುಕುತ್ತಾರೆಂದು ತಿಳಿದು, 1955ರಲ್ಲಿ ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಅಲ್ಲಿಗೇ ಹೋದರು. ಮುಂದೆ ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರ್ ಜೊತೆಗೂಡಿದ. ವಾಸಿಯಾಗದ ಹೊಟ್ಟೆಯ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಒಬ್ಬ ಹೆಂಗಸಿನ ಹೊಟ್ಟೆಯಲ್ಲಿ ಈ ಯಂತ್ರ ತೋರಿಸಿದ್ದು ನೀರು ತುಂಬಿದ ಅಂಡಾಶಯದ ಗೆಡ್ಡೆ. ಅದನ್ನು ತೆಗೆದರು, ಆಕೆ ಬದುಕಿದಳು. 1958ರಲ್ಲಿ ಇದೆಲ್ಲ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಬಂತು.

ಚಿತ್ರ ಕಂಡರೆ ಸಾಲದು, ಅಳತೆ ಬೇಕು. 1960ರ ದಶಕದಲ್ಲಿ ಕೂಸಿನ ತಲೆಯ ಅಗಲ ಅಳೆಯಲು ಕಲಿತರು. 1973ರಲ್ಲಿ ಅದೇ ಗ್ಲಾಸ್ಗೋದ ಹ್ಯೂ ರಾಬಿನ್‌ಸನ್, ಮೊದಲ ಮೂರು ತಿಂಗಳಲ್ಲಿ ನೆತ್ತಿಯಿಂದ ಕುಂಡಿಯವರೆಗಿನ ಉದ್ದ ಅಳೆದರೆ ಬಸಿರಿನ ವಯಸ್ಸು ತಿಳಿಯುತ್ತದೆಂದು ತೋರಿಸಿದರು. ಆಗಿನ ಅಳತೆ ಐದಾರು ದಿನಕ್ಕಿಂತ ಹೆಚ್ಚು ತಪ್ಪುವುದಿಲ್ಲ. ಏಕೆಂದರೆ ಆ ವಯಸ್ಸಿನಲ್ಲಿ ಬಡವರ ಕೂಸೂ ಸಾಹುಕಾರರ ಕೂಸೂ ಹೆಚ್ಚುಕಡಿಮೆ ಒಂದೇ ಸಮ ಬೆಳೆಯುತ್ತವೆ. ಆಮೇಲಷ್ಟೇ ಭೇದ. ಏಳು ತಿಂಗಳು ದಾಟಿದ ಮೇಲೆ ಮೊದಲ ಸಲ ಅಳೆದರೆ ಮೂರು ವಾರ ಆಚೀಚೆ ಆಗಬಹುದು.

ನಮ್ಮ ಕೈಗೆ ಬರುವ ಸ್ಕ್ಯಾನ್ ಹಾಳೆಯಲ್ಲಿ ಬಿಪಿಡಿ, ಎಚ್‌ಸಿ, ಎಸಿ, ಎಫ್‌ಎಲ್ ಎಂದಿರುತ್ತದಲ್ಲ, ಅವು ತಲೆಯ ಅಗಲ, ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ. ಈ ಮಿಲಿಮೀಟರುಗಳನ್ನು ವಾರಗಳಾಗಿ ಬದಲಿಸುವುದು ಯಂತ್ರದೊಳಗೆ ಕೂಡಿಸಿಟ್ಟ ಸೂತ್ರ. ಬಹಳ ಯಂತ್ರಗಳಲ್ಲಿರುವುದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಹ್ಯಾಡ್‌ಲಾಕ್ ಮತ್ತು ಸಂಗಡಿಗರು 1984ರಲ್ಲಿ ಮಾಡಿದ್ದು, ಅದೂ ಹೆಚ್ಚಾಗಿ ಅಲ್ಲಿನ ಮಧ್ಯಮ ವರ್ಗದ ಬಿಳಿ ಹೆಂಗಸರನ್ನು ಅಳೆದು. ಮಾನ್ವಿಯ ಹೊಲದಲ್ಲಿ ಹತ್ತಿ ಬಿಡಿಸುವವಳ ಕೂಸಿಗೆ ಆ ಗಜಕಡ್ಡಿ! 2014ರಲ್ಲಿ ಪ್ರಕಟವಾದ ‘ಇಂಟರ್‌ಗ್ರೋತ್’ ಎಂಬ ಎಂಟು ದೇಶಗಳ ಅಧ್ಯಯನದಲ್ಲಿ ನಾಗಪುರದ ಬಸುರಿಯರೂ ಇದ್ದರು. 2024ರಲ್ಲಿ ಮದ್ರಾಸ್ ಐಐಟಿ ಮತ್ತು ಫರೀದಾಬಾದಿನ ಸಂಶೋಧನಾ ಸಂಸ್ಥೆಯವರು ಗುರುಗ್ರಾಮದ ಸರಕಾರಿ ಆಸ್ಪತ್ರೆಯ ಬಸುರಿಯರ ಅಳತೆಗಳಿಂದ ‘ಗರ್ಭಿಣಿ’ ಎಂಬ ಸೂತ್ರವನ್ನು ಕಟ್ಟಿದರು. ತಡವಾಗಿಯಾದರೂ ನಮ್ಮ ಹೊಟ್ಟೆಗಳೂ ಲೆಕ್ಕಕ್ಕೆ ಬಂದವು.

ಈ ಯಂತ್ರದ ಇನ್ನೊಂದು ಕಥೆ ನಿಮಗೆ ಗೊತ್ತೇ ಇದೆ. ಹೆಣ್ಣೋ ಗಂಡೋ ಎಂದು ನೋಡಿ ಹೆಣ್ಣನ್ನು ತೆಗೆಸುವ ಪಾಪಕ್ಕೆ ಇದನ್ನು ಬಳಸಿದ್ದರಿಂದ 1994ರಲ್ಲಿ ಕಾಯ್ದೆ ಬಂತು, 2003ರಲ್ಲಿ ಬಿಗಿಯಾಯಿತು. ನನ್ನ ದೂರು ಏನೆಂದರೆ, ಸ್ಕ್ಯಾನ್ ಎಂದರೆ ಅದೊಂದೇ ಎಂಬಂತೆ ನಮ್ಮ ಮನೆಗಳಲ್ಲಿ ಹಾಳೆಯ ಉಳಿದ ಅಂಕಿಗಳನ್ನು ಯಾರೂ ಓದುವುದಿಲ್ಲ.

ಓದಬೇಕಾದ ಪ್ರಸಂಗ ನಮ್ಮ ಮನೆಗೂ ಬಂತು. ನನ್ನ ತಮ್ಮನ ಸೊಸೆಯನ್ನು ಶಿವರಾತ್ರಿಯ ಹೊತ್ತಿಗೆ ರಾಯಚೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಹಾಳೆ 33 ವಾರ ಎಂದಿತು. ಆಕೆ ಹೇಳುತ್ತಿದ್ದದ್ದು ಕಾರಹುಣ್ಣಿಮೆ. ಆ ಲೆಕ್ಕಕ್ಕೆ 36 ಆಗಬೇಕು. ತಮ್ಮನ ಹೆಂಡತಿ ‘ಹುಡುಗಿಗೆ ನೆನಪಿಲ್ಲ ಬಿಡ್ರಿ, ಇನ್ನ ಟೈಮದ’ ಎಂದಳು. ಡಾಕ್ಟರಮ್ಮ ಮಾತ್ರ ಬಿಡಲಿಲ್ಲ. ‘ಅಂಕಿ ಒಂದೇ, ಅರ್ಥ ಎರಡು. ದಿನ ತಪ್ಪಿದ್ದರೆ ಕೂಸು ಚೆನ್ನಾಗಿದೆ, ಕಾಯೋಣ. ದಿನ ಸರಿ ಇದ್ದರೆ ಕೂಸು ಸೊರಗುತ್ತಿದೆ, ಕಾದರೆ ಹೊಟ್ಟೆಯಲ್ಲೇ ಹೋದೀತು’ ಎಂದು ಬಿಡಿಸಿ ಹೇಳಿದರು. ತಲೆಯ ಸುತ್ತಳತೆಗಿಂತ ಹೊಟ್ಟೆಯ ಸುತ್ತಳತೆ ಬಹಳ ಹಿಂದೆ ಬಿದ್ದಿದೆ ಎಂದೂ ತೋರಿಸಿದರು. ಕೂಸಿಗೆ ಆಹಾರ ಕಡಿಮೆಯಾದಾಗ ರಕ್ತ ಮೊದಲು ಮಿದುಳಿಗೆ ಹರಿಯುತ್ತದೆ, ಸೊರಗುವುದು ಹೊಟ್ಟೆ. ‘ಮೊದಲು ಎಲ್ಲಾದರೂ ಸ್ಕ್ಯಾನ್ ಆಗಿತ್ತೇನಮ್ಮಾ?’

ಆಗಿತ್ತು. ಪಂಚಮಿಗೆ ತವರಿಗೆ ಹೋದಾಗ ದೇವದುರ್ಗದಲ್ಲಿ ತೆಗೆಸಿದ್ದು, ಅಲ್ಲಿಯೇ ಟ್ರಂಕಿನಲ್ಲಿ ಉಳಿದಿತ್ತು. ಅಣ್ಣ ಮೋಟರ್‌ಸೈಕಲ್ ಮೇಲೆ ತಂದುಕೊಟ್ಟ. ನುಣುಪು ಕಾಗದದ ಮೇಲಿನ ಚಿತ್ರ ಮಾಸಿ ಹಳದಿ ಕಲೆಯಾಗಿತ್ತು. ಆದರೆ ಜೊತೆಗಿದ್ದ ತಾಯಿ ಕಾರ್ಡಿನಲ್ಲಿ ಯಾರೋ ಪುಣ್ಯಾತ್ಗಿತ್ತಿ ನೀಲಿ ಪೆನ್ನಿನಿಂದ ಬರೆದಿದ್ದರು: ಉದ್ದ 10 ಮಿಲಿಮೀಟರ್, ಏಳು ವಾರ. ಕಾರಹುಣ್ಣಿಮೆಯಿಂದ ಪಂಚಮಿಗೆ ಸರಿಯಾಗಿ ಏಳೇ ವಾರ. ಹುಡುಗಿಯ ನೆನಪು ಒಂದು ದಿನವೂ ತಪ್ಪಿರಲಿಲ್ಲ.

ಹೊಕ್ಕಳಬಳ್ಳಿಯ ರಕ್ತದ ಹರಿವನ್ನು ಎರಡು ದಿನಕ್ಕೊಮ್ಮೆ ನೋಡುತ್ತಾ ಹೋದರು, 37 ತುಂಬಿದ ಮರುದಿನ ನೋವು ಬರಿಸಿದರು. ಯುಗಾದಿಗೆ ಇನ್ನೂ ಮೂರು ವಾರವಿತ್ತು. ಹೆಣ್ಣುಕೂಸು, ತಕ್ಕಡಿಯಲ್ಲಿ ಒಂದು ಕಿಲೋ ಒಂಬೈನೂರು ಗ್ರಾಂ, ಅಳು ಮಾತ್ರ ಇಡೀ ವಾರ್ಡಿಗೆ ಕೇಳಿಸುವಷ್ಟು.