ಅಪ್ಪನ ಕೈ, ತಮ್ಮನ ಡ್ರಾಯಿಂಗ್: ಕಾರ್ಖಾನೆ ಕೆಲಸ ಕಲಿತ ಬೆಳಗಾವಿಯ ಕಥೆ

ಇವತ್ತಿನ ಸಂಚಿಕೆ ಬೆಳಗಾವಿಯ ಶಹಾಪುರದಿಂದ. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೇನು ಅಂತ ಯೋಚಿಸ್ತಿರೋರು, ಐಟಿಐ ಅಂದ್ರೆ ಮೂಗು ಮುರಿಯೋರು, ಇಬ್ಬರೂ ಕೇಳಿ. ಕಾರ್ಖಾನೆ ಕೆಲಸವನ್ನ ನಮ್ಮೂರು ಹೇಗೆ ಕಲೀತು ಅನ್ನೋದು ಇವತ್ತಿನ ವಿಷಯ.

ನಮ್ಮಪ್ಪನಿಂದಲೇ ಶುರು ಮಾಡ್ತೀನಿ. ನಮ್ಮಜ್ಜ ನೇಕಾರರು. ಮನೆಯೊಳಗೇ ಮಗ್ಗ ಇತ್ತು. ಅಪ್ಪ ಸಣ್ಣವರಿದ್ದಾಗ ಕಂಡಿಕೆ ಸುತ್ತುತ್ತಾ, ಲಾಳಿ ಓಡೋದನ್ನ ನೋಡ್ತಾ ಬೆಳೆದರು. ದೊಡ್ಡವರಾದ ಮೇಲೆ ಮಗ್ಗ ಬಿಟ್ಟು ಫೌಂಡ್ರಿ ಸೇರಿದರು. ಕರಗಿದ ಕಬ್ಬಿಣ ಹೊಯ್ಯೋಕೆ ಮರಳಿನ ಅಚ್ಚು ಕಟ್ಟೋ ಕೆಲಸ. ಆ ಮರಳಲ್ಲಿ ನೀರು ಹೆಚ್ಚಾದರೆ, ಕಬ್ಬಿಣ ಬಿದ್ದ ಕೂಡಲೇ ಆವಿ ಎದ್ದು ಎರಕದೊಳಗೆ ತೂತು ಉಳಿದುಬಿಡುತ್ತೆ. ಅಪ್ಪ ಒಂದು ಮುಷ್ಟಿ ಮರಳು ಹಿಡಿದು ಒತ್ತಿ ನೋಡಿ, ಸರಿ ಐತೋ ಇಲ್ಲೋ ಹೇಳಿಬಿಡ್ತಿದ್ದರು.

ಇಪ್ಪತ್ತು ವರ್ಷ ದುಡಿದ ಮೇಲೆ ಒಂದು ದಿನ ಅವರಿದ್ದ ಕಡೆ ಸೂಪರ್‌ವೈಸರ್ ಜಾಗ ಖಾಲಿ ಆಯಿತು. ಸಿಕ್ಕಿದ್ದು ಅಪ್ಪನೇ ಕೆಲಸ ಕಲಿಸಿದ ಐಟಿಐ ಹುಡುಗನಿಗೆ. ನನಗೆ ಸಿಟ್ಟು ಬಂದಿತ್ತು. ಅಪ್ಪ ಮಾತ್ರ ಊಟಕ್ಕೆ ಕೂತಾಗ ಇಷ್ಟೇ ಹೇಳಿದರು: "ನನಗ ಕೆಲಸ ಬರ್ತೈತಿ, ಡ್ರಾಯಿಂಗ್ ಓದಾಕ ಬರಂಗಿಲ್ಲ. ಆ ಹುಡುಗಗ ಬರ್ತೈತಿ."

ಈ 'ಡ್ರಾಯಿಂಗ್' ಅನ್ನೋ ಪದವನ್ನ ನೆನಪಿಟ್ಟುಕೊಳ್ಳಿ. ನಮ್ಮೂರಿನ ಯಂತ್ರಗಳ ಇತಿಹಾಸವೂ ಅಲ್ಲಿಂದಲೇ ಶುರುವಾಗುತ್ತೆ.

ಸ್ವಾತಂತ್ರ್ಯ ಬರೋವರೆಗೂ ಶಹಾಪುರ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಬೆಳಗಾವಿ ಬ್ರಿಟಿಷರದ್ದು. ಶಹಾಪುರದಲ್ಲಿ ಮಗ್ಗದ ವಿದ್ಯೆ ಅಪ್ಪನಿಂದ ಮಗನಿಗೆ ಬರ್ತಿತ್ತು. ಶಾಲೆ ಇಲ್ಲ, ಪರೀಕ್ಷೆ ಇಲ್ಲ. ನೇಯ್ದ ಸೀರೆಯೇ ಸರ್ಟಿಫಿಕೇಟ್.

ಬೆಳಗಾವಿ ಕಡೆ ಇನ್ನೊಂದು ಥರದ ವಿದ್ಯೆ ಬಂತು. ಇದೇ ಜಿಲ್ಲೆಯ ಗುರ್ಲಹೊಸೂರಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರ ಕಲಿಯೋಕೆ ಅಂತ ಮುಂಬೈನ ಜೆ.ಜೆ. ಕಲಾಶಾಲೆಗೆ ಹೋದರು. ಬಣ್ಣಗಳನ್ನ ಸರಿಯಾಗಿ ಗುರುತಿಸೋಕೆ ಕಣ್ಣು ಸಹಕರಿಸಲಿಲ್ಲ. ಬಣ್ಣ ಬಿಟ್ಟು ಗೆರೆ ಹಿಡಿದರು. ಅಂದ್ರೆ ಯಂತ್ರಗಳ ಡ್ರಾಯಿಂಗ್. ಆಮೇಲೆ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸೋ ಮೇಷ್ಟ್ರಾದರು. ಬರಬೇಕಾದ ಬಡ್ತಿ ಬೇರೆಯವರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದರು.

ಇಲ್ಲಿ ಅಷ್ಟರಲ್ಲೇ ಅಣ್ಣ ರಾಮುಅಣ್ಣನ ಜೊತೆ ಸೇರಿ 1888ರಲ್ಲಿ ತೆರೆದ ಸೈಕಲ್ ಅಂಗಡಿ ಇತ್ತು. ಅಣ್ಣ ಸೈಕಲ್ ಮಾರೋದಷ್ಟೇ ಅಲ್ಲ, 15 ರೂಪಾಯಿ ತಗೊಂಡು ಹೊಡೆಯೋದನ್ನೂ ಕಲಿಸ್ತಿದ್ದರಂತೆ. ಆ ಅಂಗಡಿಯ ನೆನಪಿಗೇ ಇವತ್ತಿನ ಕಿರ್ಲೋಸ್ಕರ್ ರೋಡ್. ಆಮೇಲೆ ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲು ತಯಾರಾದವು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತೆ ಅಂತ ರೈತರು ಹೆದರಿದರು. ಮೊದಲ ನೇಗಿಲು ಮಾರಾಟ ಆಗೋಕೆ ಎರಡು ವರ್ಷ ಹಿಡೀತು.

ಊರು ಬೆಳೆಸೋಕೆ ಕಾರ್ಖಾನೆಯ ಜಾಗ ಬೇಕಾದಾಗ ಅವರು ಬೆಳಗಾವಿ ಬಿಡಬೇಕಾಯಿತು. ಔಂಧ್ ಸಂಸ್ಥಾನದ ರಾಜ ಜಾಗ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಅಲ್ಲಿ ಅವರ ಜೊತೆ ಯಾರಿದ್ದರು ಗೊತ್ತಾ? ಶಾಲೆ ಅರ್ಧಕ್ಕೆ ಬಿಟ್ಟ ಅನಂತರಾವ್ ಫಳಣೀಕರ್, ತಾನಾಗಿ ಎಂಜಿನಿಯರಿಂಗ್ ಕಲಿತ ಶಂಭುರಾವ್ ಜಾಂಭೇಕರ್. ಡ್ರಾಯಿಂಗ್ ಮೇಷ್ಟ್ರು ಪದವಿ ನೋಡಲಿಲ್ಲ, ಕೈ ನೋಡಿದರು. ಕೈ ಇದ್ದವರಿಗೆ ಗೆರೆ ಓದೋರು ಜೊತೆಯಾದರು. ನನ್ನ ಪ್ರಕಾರ ಕೆಲಸ ಆಗಿದ್ದು ಹಾಗೆ.

ಆದ್ರೆ ಎಲ್ಲರಿಗೂ ಅಂಥ ಮೇಷ್ಟ್ರು ಸಿಗಲ್ಲ. ಅದಕ್ಕೇ ಸಂಸ್ಥೆಗಳು ಬೇಕು. ಅಮೆರಿಕದಲ್ಲಿ ಈ ಕೆಲಸವನ್ನ ಕಮ್ಯುನಿಟಿ ಕಾಲೇಜುಗಳು ಮಾಡ್ತವೆ. ಮನೆ ಹತ್ತಿರದ ಕಾಲೇಜು, ಎರಡು ವರ್ಷದ ಓದು, ಆ ಊರಿನ ಕಾರ್ಖಾನೆಗೆ ಬೇಕಾದ ಕಲಿಕೆ. ನಮ್ಮಲ್ಲಿ ಆ ಜಾಗದಲ್ಲಿ ಇರೋದು ಐಟಿಐ. 1950ರಲ್ಲಿ ಶುರುವಾದ ಕುಶಲಕರ್ಮಿ ತರಬೇತಿ ಯೋಜನೆ ಅದರ ಬೇರು. ಫಿಟ್ಟರ್, ಟರ್ನರ್ ಆದರೆ ಎರಡು ವರ್ಷ, ವೆಲ್ಡರ್ ಆದರೆ ಒಂದು. 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಯೊಳಗೇ ಸ್ಟೈಪೆಂಡ್ ತಗೊಂಡು ಕಲಿಯೋ ದಾರಿ ಮಾಡಿತು. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಜಿಟಿಟಿಸಿ ಈಗ ಬೆಳಗಾವಿಯ ಉದ್ಯಮಬಾಗಿನಲ್ಲೂ ಇದೆ. ಎಸ್ಸೆಸ್ಸೆಲ್ಸಿ ಪಾಸಾದವರು ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಸೇರಬಹುದು. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಕಾಲದ ಯಂತ್ರಗಳು ಬಂದವು.

ಇಷ್ಟೆಲ್ಲ ಯಾಕೆ ಬೇಕು? ಉದ್ಯಮಬಾಗಿನಲ್ಲಿ ಎರಕ ಹೊಯ್ಯೋ ಇದೇ ಜಿಲ್ಲೆಯಲ್ಲಿ, ಹತ್ತರಗಿಯ ಎಸ್‌ಇಝಡ್‌ನಲ್ಲಿ ಈಗ ವಿಮಾನದ ಬಿಡಿಭಾಗ ತಯಾರಾಗ್ತವೆ. ಅಲ್ಲಿ ಕೂದಲೆಳೆಗಿಂತ ಸಣ್ಣ ಅಳತೆ ತಪ್ಪಿದರೂ ಮಾಲು ವಾಪಸ್. ಆ ಅಳತೆ ಬರೆದಿರೋದು ಡ್ರಾಯಿಂಗಿನಲ್ಲೇ.

ಹಾಗಂತ ಕಾಗದ ಒಂದೇ ಸಾಕಾ? ಅದೂ ಇಲ್ಲ. ಲೇಥ್ ಮುಟ್ಟದೇ ಪಾಸಾದ ಟರ್ನರ್ ನಮ್ಮಪ್ಪನ ಎದುರು ಒಂದು ದಿನ ನಿಲ್ಲಲ್ಲ. ಹಾಗಾಗಿ ಎಲ್ಲೇ ಸೇರಿ, ಮೊದಲು ಎರಡು ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ತಾಸು ಮಷಿನ್ ಮೇಲೆ ನಿಲ್ಲಿಸ್ತೀರಿ? ಅಪ್ರೆಂಟಿಸ್‌ಗೆ ಎಲ್ಲಿ ಕಳಿಸ್ತೀರಿ? ಇನ್ನು ಅಪ್ಪನಂಥವರಿಗೂ ಒಂದು ದಾರಿ ಬಂದಿದೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಕೆಲಸ ಮಾಡ್ತಾನೇ ಕಲಿತವರನ್ನ ಪರೀಕ್ಷಿಸಿ ಪ್ರಮಾಣಪತ್ರ ಕೊಡೋ ವ್ಯವಸ್ಥೆ ಇದೆ. ಅಪ್ಪನಿಗೆ ಅದು ಬಂದಿದ್ದು ತಡವಾಗಿ.

ನನ್ನ ತಮ್ಮ ಈಗ ಐಟಿಐ ಫಿಟ್ಟರ್. ಮೊನ್ನೆ ಅವನು ಡ್ರಾಯಿಂಗ್ ಹಾಳೆ ಹರವಿಕೊಂಡು ಕೂತಿದ್ದ. ಅಪ್ಪ ಹತ್ತಿರ ಬಂದು, ತುಂಡು ತುಂಡು ಗೆರೆ ಇದ್ದ ಕಡೆ ಬೆರಳಿಟ್ಟರು.

"ಇದು ಕಣ್ಣಿಗೆ ಕಾಣದ, ಒಳಗಿನ ತೂತಲ್ಲೇನೋ?"

"ಹೌದಪ್ಪಾ. ಹೆಂಗ ಗೊತ್ತಾತು?"

"ಇಪ್ಪತ್ತ ವರ್ಷ ಅದನ್ನ ಮರಳಾಗ ಮಾಡೇನಿ."

ಈಗ ರಾತ್ರಿ ಊಟ ಆದ ಮೇಲೆ ಇಬ್ಬರೂ ಒಂದೇ ಹಾಳೆ ಮುಂದೆ ಕೂರ್ತಾರೆ. ಒಬ್ಬರು ಗೆರೆ ಕಲಿಸ್ತಾರೆ, ಒಬ್ಬರು ಮರಳಿನ ಲೆಕ್ಕ ಹೇಳ್ತಾರೆ.

ನಿಮ್ಮ ಮನೇಲೂ ಹೀಗೆ ಕಾಗದವಿಲ್ಲದ ಕಸುಬುದಾರರು ಇದ್ದರೆ, ಈ ಸಂಚಿಕೆಯನ್ನ ಅವರಿಗೂ ಕೇಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.