ಬಳ್ಳಾರಿಯ ಮಗಳು, ಬಳ್ಳಾರಿಯ ಸೊಸೆ



ಸಭೆಯಲ್ಲಿ ಆಡಿದ ಮಾತು ಒಂದು. ವೃತ್ತಪತ್ರಿಕೆಯಲ್ಲಿ ಅಚ್ಚಾಗಿ ಊರೂರು ಸುತ್ತುವ ಮಾತು ಮತ್ತೊಂದು. ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ 1858ರಲ್ಲಿ ಲಿಂಕನ್ ಮತ್ತು ಡಗ್ಲಸ್ ಎಂಬಿಬ್ಬರು ಗುಲಾಮಗಿರಿಯನ್ನು ಕುರಿತು ಏಳು ಊರುಗಳಲ್ಲಿ ವಾದಿಸಿದರು. ಶೀಘ್ರಲಿಪಿಕಾರರು ಬರೆದುಕೊಂಡುದನ್ನು ಪತ್ರಿಕೆಗಳು ದೂರದ ಓದುಗರಿಗೂ ಮುಟ್ಟಿಸಿದುವು. ಸೆನೆಟ್ ಸ್ಥಾನ ದೊರೆತದ್ದು ಡಗ್ಲಸನಿಗೆ. ಆದರೆ 1860ರಲ್ಲಿ ಅಧ್ಯಕ್ಷ ಪದವಿಗೆ ಆಯ್ಕೆಯಾದವನು ಸೋತ ಲಿಂಕನನೇ. ಮಾತಿನ ಫಲವನ್ನು ಎಣಿಕೆಯ ದಿನವೇ ಅಳೆಯಲಾಗದು. ನಮ್ಮ ನಾಡಿನಲ್ಲಿ ಇದನ್ನು ನೆನಪಿಗೆ ತರುವ ಪ್ರಸಂಗವೊಂದು 1999ರಲ್ಲಿ ಬಳ್ಳಾರಿಯಲ್ಲಿ ನಡೆಯಿತು.

ಮೊದಲ ಸಾರ್ವತ್ರಿಕ ಚುನಾವಣೆಯಿಂದಲೂ ಕಾಂಗ್ರೆಸ್ಸಿಗೇ ಒಲಿದಿದ್ದ ಆ ಲೋಕಸಭಾ ಕ್ಷೇತ್ರಕ್ಕೆ ಸೋನಿಯಾ ಗಾಂಧಿಯವರು ಉಮೇದುವಾರರಾಗಿ ಬಂದರು. ಅವರಿಗೆ ಎದುರಾಗಿ ಭಾರತೀಯ ಜನತಾ ಪಕ್ಷವು ಸುಷ್ಮಾ ಸ್ವರಾಜ್ ಅವರನ್ನು ನಿಲ್ಲಿಸಿತು. ಹರಿಯಾಣದವರಾದ ಸುಷ್ಮಾ ಅವರು ಕೆಲವೇ ವಾರಗಳಲ್ಲಿ ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಭಾಷಣ ಮಾಡಿದರು. ಸ್ವದೇಶದ ಮಗಳಿಗೂ ವಿದೇಶದ ಸೊಸೆಗೂ ಹೋರಾಟವೆಂಬ ಘೋಷಣೆ ಎದ್ದಿತು. ಅದು ಪತ್ರಿಕೆಗಳ ತಲೆಬರಹಕ್ಕೆ ಹೇಳಿ ಮಾಡಿಸಿದ ಮಾತು. ಸಿರುಗುಪ್ಪದ ಬತ್ತದ ಗದ್ದೆಗೆ ತುಂಗಭದ್ರೆಯ ಕಾಲುವೆಯ ನೀರು ಕೊನೆಯವರೆಗೆ ಮುಟ್ಟೀತೆ, ಕುರುಗೋಡಿನ ರೈತನ ಮೆಣಸಿನಕಾಯಿಗೆ ತಕ್ಕ ಬೆಲೆ ಬಂದೀತೆ ಎಂಬ ಪ್ರಶ್ನೆಗಳಿಗೆ ಅಂಥ ತಲೆಬರಹದಲ್ಲಿ ಎಡೆಯೆಲ್ಲಿ?

ಆ ಘೋಷಣೆಯಲ್ಲಿ ಇನ್ನೊಂದು ಕುಂದಿತ್ತು. ನಮ್ಮಲ್ಲಿ ಮಗಳು ಕೊಟ್ಟ ಮನೆಗೆ ಹೋಗುವವಳು. ಸೊಸೆಯಾದರೋ ಮನೆ ತುಂಬುವವಳು. ಹೊರಗಿನವಳೆಂದು ತೋರಿಸಲು ಆಯ್ದುಕೊಂಡ ಶಬ್ದವೇ ಒಳಗಿನವಳೆಂಬ ಅರ್ಥವನ್ನು ಕೊಡುತ್ತಿತ್ತು. ಮತದಾರರ ಮನಸ್ಸಿನಲ್ಲಿ ಇದ್ದುದೇನೇ ಇರಲಿ, ಸೋನಿಯಾ ಅವರು ಸುಮಾರು 56,000 ಮತಗಳ ಅಂತರದಿಂದ ಗೆದ್ದರು. ಸುಷ್ಮಾ ಅವರಿಗೂ ಮೂರೂವರೆ ಲಕ್ಷಕ್ಕೆ ಮಿಕ್ಕಿ ಮತಗಳು ಬಂದುವು.

ಮುಂದಿನ ಕಥೆಯೇ ವಿಚಿತ್ರ. ಅಮೇಥಿಯಲ್ಲಿಯೂ ಗೆದ್ದಿದ್ದ ಸೋನಿಯಾ ಅವರು ಅದನ್ನೇ ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. 2000ದಲ್ಲಿ ಮರುಚುನಾವಣೆ ಆಯಿತು. ಸೋತ ಸುಷ್ಮಾ ಅವರು ಬಹುಕಾಲ ವರಮಹಾಲಕ್ಷ್ಮಿ ವ್ರತಕ್ಕೆ, ತವರಿಗೆ ಬರುವ ಮಗಳಂತೆ, ಬಳ್ಳಾರಿಗೆ ಬರುತ್ತಿದ್ದರು. 2004ರಲ್ಲಿ ಅವರ ಪಕ್ಷವು ಆ ಕ್ಷೇತ್ರವನ್ನು ಗೆದ್ದಿತು. ಅದಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಕಲಿತು ಆಡಿದ ಕನ್ನಡವನ್ನು ಜನ ಮರೆತಿರಲಿಲ್ಲ.

ಹೀಗೆ ಮಗಳು, ಸೊಸೆ ಎಂಬ ಎರಡು ಶಬ್ದಗಳ ಬೆಲೆ ತಿಳಿದದ್ದು ಪತ್ರಿಕೆಗಳ ಗದ್ದಲ ಅಡಗಿದ ಮೇಲೆ. ಓಟು ಕೇಳಲು ಬಂದವರು ಏನೆಂದರು ಎಂಬುದನ್ನು ಪತ್ರಿಕೆ ಮರುದಿನವೇ ತಿಳಿಸುತ್ತದೆ. ಓಟು ಮುಗಿದ ಮೇಲೆ ಯಾರು ಬಂದರು, ಗದ್ದೆಗೆ ನೀರು ಬಂದಿತೆ ಎಂಬುದನ್ನು ಬರೆದಿಟ್ಟುಕೊಳ್ಳುವ ಕೆಲಸ ಊರವರದೇ.